ದಂತ ಇಂಪ್ಲಾಂಟ್: ಗಣಕೀಕೃತ ಯೋಜನೆ ಮತ್ತು ಮಾರ್ಗದರ್ಶಿ ಶಸ್ತ್ರಚಿಕಿತ್ಸೆ

ಹಲ್ಲು ಬಿದ್ದ ಸ್ಥಾನದಲ್ಲಿ ದವಡೆಯ ಮೂಳೆಯೊಳಗೆ ಟೈಟೇನಿಯಂ ಲೋಹದ ತಿರುಪನ್ನು ಕೂರಿಸಿ, ಅದರ ಮೇಲೆ ಕೃತಕ ಹಲ್ಲನ್ನು ಜೋಡಿಸುವ ವಿಧಾನವೇ ದಂತ ಇಂಪ್ಲಾಂಟ್ ಚಿಕಿತ್ಸೆ. ಸ್ವೀಡನ್ ದೇಶದ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1965ರಲ್ಲಿ ರೋಗಿಯೊಬ್ಬರಿಗೆ ಟೈಟೇನಿಯಂ ಇಂಪ್ಲಾಂಟ್‌ಗಳನ್ನು ಅಳವಡಿಸಿ ಈ ಚಿಕಿತ್ಸೆಗೆ ಬುನಾದಿ ಹಾಕಿದರು. ಪ್ರಸ್ತುತ, ತಿರುಪು ಕೂರಿಸಬೇಕಾದ ಸ್ಥಾನವನ್ನು ಗಣಕಯಂತ್ರದ ನೆರವಿನಿಂದ ಮುಂಚಿತವಾಗಿಯೇ ನಿರ್ಧರಿಸಲು ಸಾಧ್ಯವಾಗಿದೆ.

ಮುಂಚಿತ ಯೋಜನೆಯ ಅಗತ್ಯ

ಕೆಳದವಡೆಯ ಮೂಳೆಯೊಳಗೆ ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ನೀಡುವ ನರವು ಹಾದುಹೋಗುತ್ತದೆ. ಮೂಳೆಯನ್ನು ಕೊರೆಯುವಾಗ ಈ ನರಕ್ಕೆ ಹಾನಿಯಾದಲ್ಲಿ ತುಟಿಯು ಮರಗಟ್ಟುತ್ತದೆ. ಕೆಲವರಲ್ಲಿ ಇದು ಶಾಶ್ವತವಾಗಿಯೂ ಉಳಿಯಬಹುದು. ಮೇಲ್ದವಡೆಯ ಹಿಂಭಾಗದಲ್ಲಿ ಮೂಳೆಯ ಮೇಲೆಯೇ ಸೈನಸ್ ಎಂಬ ಗಾಳಿಗೂಡು ಇರುತ್ತದೆ. ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಮೂಳೆಯ ಎತ್ತರ ಕಾಣುತ್ತದೆಯೇ ಹೊರತು ಅದರ ಅಗಲ ತಿಳಿಯುವುದಿಲ್ಲ.

ಚಿಕಿತ್ಸೆಯ ಹಂತಗಳು

1. ಕೋನ್ ಬೀಮ್ ಸಿ.ಟಿ. ಯಂತ್ರದಿಂದ ದವಡೆಯ ಮೂರು ಆಯಾಮದ ಚಿತ್ರವನ್ನು ಪಡೆಯಲಾಗುತ್ತದೆ.
2. ಬಾಯಿಯೊಳಗಿನ ಸ್ಕ್ಯಾನರ್‌ನಿಂದ ಹಲ್ಲು ಮತ್ತು ಒಸಡಿನ ಮೇಲ್ಮೈಯನ್ನು ದಾಖಲಿಸಲಾಗುತ್ತದೆ.
3. ಎರಡೂ ಚಿತ್ರಗಳನ್ನು ತಂತ್ರಾಂಶದಲ್ಲಿ ಹೊಂದಿಸಿ, ಮೊದಲು ಹಲ್ಲು ಎಲ್ಲಿರಬೇಕೆಂದು ನಿರ್ಧರಿಸಿ, ಅನಂತರ ತಿರುಪಿನ ಉದ್ದ, ದಪ್ಪ ಮತ್ತು ಕೋನವನ್ನು ಗೊತ್ತುಪಡಿಸಲಾಗುತ್ತದೆ.
4. ಈ ಯೋಜನೆಗೆ ಅನುಗುಣವಾಗಿ ತ್ರೀಡಿ ಮುದ್ರಣದ ಮೂಲಕ ಮಾರ್ಗದರ್ಶಿ ಅಚ್ಚನ್ನು ತಯಾರಿಸಲಾಗುತ್ತದೆ. ಅಚ್ಚನ್ನು ಹಲ್ಲುಗಳ ಮೇಲೆ ಕೂರಿಸಿದಾಗ, ಅದರಲ್ಲಿರುವ ರಂಧ್ರವು ಕೊರೆಯುವ ಉಪಕರಣವನ್ನು ನಿಗದಿತ ದಿಕ್ಕಿನಲ್ಲಿ ನಡೆಸುತ್ತದೆ.

ವಿಧಾನದ ಮಿತಿಗಳು

ಈ ವಿಧಾನವು ಸಂಪೂರ್ಣ ದೋಷರಹಿತವಲ್ಲ. ಯೋಜಿಸಿದ ಸ್ಥಾನಕ್ಕೂ ತಿರುಪು ವಾಸ್ತವವಾಗಿ ಕೂರುವ ಸ್ಥಾನಕ್ಕೂ ಸರಾಸರಿ 1 ಮಿ.ಮೀ.ಗಿಂತ ತುಸು ಹೆಚ್ಚು ವ್ಯತ್ಯಾಸ ಕಂಡುಬರುತ್ತದೆ. ಚಿತ್ರ ತೆಗೆಯುವಾಗ ರೋಗಿಯು ಅಲುಗಾಡಿದಲ್ಲಿ ಅಥವಾ ಅಚ್ಚು ಸರಿಯಾಗಿ ಕೂರದಿದ್ದಲ್ಲಿ ಈ ವ್ಯತ್ಯಾಸ ಇನ್ನಷ್ಟು ಹೆಚ್ಚುತ್ತದೆ. ಈ ಕಾರಣದಿಂದಲೇ ನರದಿಂದ ಕನಿಷ್ಠ 2 ಮಿ.ಮೀ. ಅಂತರವನ್ನು ಕಾಯ್ದುಕೊಳ್ಳಲಾಗುತ್ತದೆ. ಅಚ್ಚು ಅಡ್ಡವಿರುವುದರಿಂದ ತಂಪುಗೊಳಿಸುವ ದ್ರವವು ಮೂಳೆಗೆ ಸರಿಯಾಗಿ ತಲುಪದೆ, ಮೂಳೆಯು ಬಿಸಿಯಾಗಿ ಹಾನಿಗೊಳ್ಳುವ ಸಂಭವವೂ ಉಂಟು. ಆದುದರಿಂದ ಅಚ್ಚು ವೈದ್ಯರ ಕೌಶಲಕ್ಕೆ ಸಹಾಯಕವೇ ಹೊರತು ಪರ್ಯಾಯವಲ್ಲ.

ರೋಗಿಗಳು ಗಮನಿಸಬೇಕಾದ ಅಂಶಗಳು

• ಮಧುಮೇಹ, ಧೂಮಪಾನ, ಗರ್ಭಾವಸ್ಥೆ ಹಾಗೂ ಮೂಳೆ ಸವೆತಕ್ಕೆ ಸೇವಿಸುತ್ತಿರುವ ಔಷಧಿಗಳ ವಿವರವನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.
• ಒಸಡಿನ ರೋಗವಿದ್ದಲ್ಲಿ ಅದಕ್ಕೆ ಮೊದಲು ಚಿಕಿತ್ಸೆ ಪಡೆಯತಕ್ಕದ್ದು.
• ನರಕ್ಕೂ ತಿರುಪಿಗೂ ಇರುವ ಅಂತರವನ್ನು ಗಣಕಯಂತ್ರದ ಪರದೆಯ ಮೇಲೆ ತೋರಿಸುವಂತೆ ವೈದ್ಯರನ್ನು ಕೇಳಬಹುದು.
• ಅರಿವಳಿಕೆಯ ಪ್ರಭಾವ ಇಳಿದ ನಂತರವೂ ತುಟಿಯ ಮರಗಟ್ಟುವಿಕೆ ಮುಂದುವರಿದಲ್ಲಿ, ಕಾಯದೆ ತಕ್ಷಣವೇ ವೈದ್ಯರನ್ನು ಕಾಣತಕ್ಕದ್ದು. ವಿಳಂಬವಾದಷ್ಟೂ ನರವು ಚೇತರಿಸಿಕೊಳ್ಳುವ ಸಾಧ್ಯತೆ ಕಡಿಮೆಯಾಗುತ್ತದೆ.

ತಿರುಪು ಮೂಳೆಯೊಡನೆ ಬೆಸೆದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕಾಗುತ್ತದೆ. ಅನಂತರವೂ ಪ್ರತಿದಿನದ ಸ್ವಚ್ಛತೆ ಹಾಗೂ ನಿಯತಕಾಲಿಕ ತಪಾಸಣೆ ಅತ್ಯವಶ್ಯಕ. ನೋಂದಾಯಿತ ದಂತ ವೈದ್ಯರಿಂದ ಮಾತ್ರ ಈ ಚಿಕಿತ್ಸೆಯನ್ನು ಪಡೆಯುವುದು ಸೂಕ್ತ.