ಕ್ಯಾಮ್ ಬದಲಿಸಿದ ಮೇಲೆ ಘಾಟಿಯಲ್ಲಿ ಪಿಕಪ್ ಏಕೆ ಬೀಳುತ್ತದೆ?

ಪ್ರಶ್ನೆ: ಪೆಟ್ರೋಲ್ ಕಾರಿಗೆ ಪರ್ಫಾರ್ಮೆನ್ಸ್ ಕ್ಯಾಮ್‌ಶಾಫ್ಟ್ ಹಾಕಿಸಿದ್ದೇನೆ. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗಲೂ, ಕಡಬದಿಂದ ಗುಂಡ್ಯಕ್ಕೆ ಹೋಗಿ ಶಿರಾಡಿ ಏರುವಾಗಲೂ ಪಿಕಪ್ ಬೀಳುತ್ತದೆ. ನಾಕ್ ಸೆನ್ಸರ್ ಕೆಟ್ಟಿದೆಯೇ?
– ಓದುಗರು, ಪುತ್ತೂರು

ಉತ್ತರ: ಸೆನ್ಸರ್ ಕೆಟ್ಟಿರಲೇಬೇಕೆಂದಿಲ್ಲ, ಅದಕ್ಕೆ ತಪ್ಪು ಸದ್ದು ಕೇಳಿಸುತ್ತಿರಬಹುದು. ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ಈ ಪೀಜೋ ಹರಳು ಲೋಹದ ಕಂಪನವನ್ನು ವಿದ್ಯುತ್ತಾಗಿಸುತ್ತದೆ. ನಾಕ್, ಅಂದರೆ ಇಂಧನ ಮಿಶ್ರಣ ತಾನಾಗಿ ಸಿಡಿದಾಗಿನ ಬಡಿತದ ಸದ್ದು, ಸಾಮಾನ್ಯವಾಗಿ 6–7 ಕಿಲೋಹರ್ಟ್ಸ್ ಆಸುಪಾಸಿನದು. ಪಿಸ್ಟನ್ ಮೇಲ್ತುದಿ ದಾಟಿದ ನಂತರದ ಒಂದು ಸೀಮಿತ ಅವಧಿಯಲ್ಲಿ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅದಕ್ಕೆ ಕಿವಿಗೊಡುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರು ಉರಿಯುವ ಆ ಹೊತ್ತಿಗೇ ಮುಂದಿನ ಸಿಲಿಂಡರಿನ ಇನ್‌ಟೇಕ್ ವಾಲ್ವ್ ಮುಚ್ಚುತ್ತಿರುತ್ತದೆ. ಹೊಸ ಕ್ಯಾಮ್ ಈ ಸಮಯವನ್ನು ಸರಿಸುತ್ತದೆ. ಜೊತೆಗೆ ಬಿಗಿ ಸ್ಪ್ರಿಂಗ್ ಇದ್ದರೆ ವಾಲ್ವ್ ಸೀಟಿಗೆ ಜೋರಾಗಿ ಬಡಿಯುತ್ತದೆ. ಅದನ್ನೇ ನಾಕ್ ಎಂದು ತಿಳಿದು ಇಸಿಯು ಕಿಡಿಯನ್ನು ತಡಮಾಡುತ್ತದೆ, ಶಕ್ತಿ ಇಳಿಯುತ್ತದೆ.

ನಿಜವಾದ ನಾಕ್ ಕೂಡ ಸಾಧ್ಯ. ವಾಲ್ವ್ ತಡವಾಗಿ ಮುಚ್ಚುವುದರಿಂದ ಕಡಿಮೆ ಆರ್‌ಪಿಎಮ್‌ನಲ್ಲಿ ಒತ್ತಡ ತಗ್ಗುತ್ತದೆ. ಆದರೆ ಹೆಚ್ಚಿನ ಆರ್‌ಪಿಎಮ್‌ನಲ್ಲಿ ಸಿಲಿಂಡರು ಚೆನ್ನಾಗಿ ತುಂಬಿ, ಇಸಿಯುವಿನ ಹಳೆಯ ಮ್ಯಾಪಿನ ಕಿಡಿ ಟೈಮಿಂಗ್ ಅತಿ ಮುಂಚಿತವಾಗಬಹುದು.

95 ಆಕ್ಟೇನ್ ಪೆಟ್ರೋಲ್ ತುಂಬಿಸಿ ಅದೇ ಏರನ್ನು ಹತ್ತಿ ನೋಡಿ, ಟೈಮಿಂಗ್ ಲಾಗ್ ಮಾಡಿಸಿ. ಕಿಡಿ ತಡವಾಗುವುದು ಅದೇ ಆರ್‌ಪಿಎಮ್‌ನಲ್ಲಿ ಹಾಗೆಯೇ ಉಳಿದರೆ ವಾಲ್ವಿನ ಸದ್ದಿನ ಮೇಲೆ ಅನುಮಾನಪಡಿ. ಆಗ ಟ್ಯಾಪೆಟ್ ಕ್ಲಿಯರೆನ್ಸ್ ನೋಡಿಸಿ, ಮ್ಯಾಪನ್ನು ಆ ಕ್ಯಾಮಿಗೇ ಹೊಂದಿಸಿಕೊಳ್ಳಿ. ಸೆನ್ಸರ್ ವೈರ್ ಕಿತ್ತುಹಾಕುವ ಸಲಹೆಯನ್ನು ದಯವಿಟ್ಟು ಕೇಳಬೇಡಿ, ನಿಜವಾದ ನಾಕ್ ಪಿಸ್ಟನ್ನನ್ನೇ ಒಡೆಯಬಲ್ಲದು.