ಮೂರು ನಿಮಿಷದ ಲೆಕ್ಕ

ಪಕ್ಕದ ಮನೆಯ ಹುಡುಗ ಮೊದಲ ದಿನ ಮುಖ ಬಾಡಿಸಿಕೊಂಡೇ ಬಂದ. ಅಗ್ನಿ ಸುರಕ್ಷತೆಯಲ್ಲಿ ಡಿಪ್ಲೊಮಾ ಓದುತ್ತಿರುವ ಆತನಿಗೆ ಸಾಂಬ್ರಾ ವಿಮಾನ ನಿಲ್ದಾಣದ ಅಗ್ನಿಶಾಮಕ ಠಾಣೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ದೊರೆತಿತ್ತು. ಬೆಳಗಾವಿಯ ಕ್ಯಾಂಪ್‌ನಿಂದ ದಿನವೂ ಬೈಕಿನಲ್ಲಿ ಹೋಗಿಬರುವುದು, ಸಂಜೆ ನಮ್ಮ ಜಗಲಿಯಲ್ಲಿ ಕುಳಿತು ಚಹಾ ಕುಡಿಯುವುದು ಎಂದು ಏರ್ಪಾಡಾಗಿತ್ತು. ‘ಏನೂ ಆಗ್ಲಿಲ್ರಿ ಕಾಕಾ. ಮುಂಜಾನಿಂದ ಗಾಡಿ ನೋಡಿದ್ವಿ, ಒರಸಿದ್ವಿ, ಮತ್ತ ನೋಡಿದ್ವಿ’ ಎಂದ.

ನಾನು ನಕ್ಕೆ. ಆದರೆ ಒಳಗೆ ಎಲ್ಲೋ ಚುರುಕ್ಕೆಂದಿತು. ಇದೇ ಅರ್ಥದ ಮಾತನ್ನು ಇನ್ನಷ್ಟು ಗಂಭೀರವಾದ ಭಾಷೆಯಲ್ಲಿ ನಾನೊಮ್ಮೆ ಕಡತದ ಮೇಲೆ ಬರೆದಿದ್ದೆ. ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಸೇವೆಗೆ ಹೊಸಬ. ತಾಲ್ಲೂಕೊಂದಕ್ಕೆ ಅಗ್ನಿಶಾಮಕ ಠಾಣೆ ಬೇಕೆಂಬ ಪ್ರಸ್ತಾವ ನನ್ನ ಮೇಜಿಗೆ ಬಂದಿತ್ತು. ಧಾರವಾಡದಲ್ಲಿ ಓದಿದ ಅರ್ಥಶಾಸ್ತ್ರ ಇನ್ನೂ ತಲೆಯಲ್ಲಿ ಬಿಸಿಯಾಗಿತ್ತು. ಹಿಂದಿನ ವರ್ಷಗಳಲ್ಲಿ ಬಂದ ಕರೆಗಳೆಷ್ಟು, ಸಿಬ್ಬಂದಿಯ ಸಂಬಳವೆಷ್ಟು, ಒಂದು ಕರೆಗೆ ತಗಲುವ ವೆಚ್ಚವೆಷ್ಟು ಎಂದು ಭಾಗಿಸಿ ನೋಡಿದೆ. ಬಂದ ಅಂಕಿ ನಗೆ ತರಿಸುವಂತಿತ್ತು. ‘ಬಳಕೆಯ ಪ್ರಮಾಣ ತೃಪ್ತಿಕರವಲ್ಲದ ಕಾರಣ ಪ್ರಸ್ತಾವವನ್ನು ಸದ್ಯಕ್ಕೆ ಕೈಬಿಡಬಹುದು’ ಎಂದು ಷರಾ ಬರೆದು ಮೇಲಕ್ಕೆ ಕಳುಹಿಸಿದೆ. ಮೇಲಿನವರಿಗೂ ಅದು ಒಪ್ಪಿಗೆಯಾಯಿತು. ಖರ್ಚು ತಪ್ಪಿಸುವ ಷರಾಗಳಿಗೆ ಒಪ್ಪಿಗೆ ದೊರೆಯುವುದು ಕಷ್ಟವಲ್ಲ.

ಅಂಥ ಲೆಕ್ಕದಲ್ಲಿ ನೋಡಿದರೆ ವಿಮಾನ ನಿಲ್ದಾಣದ ಅಗ್ನಿಶಾಮಕ ಠಾಣೆಯಷ್ಟು ದುಂದಿನ ಸಂಸ್ಥೆ ಇನ್ನೊಂದಿರಲಾರದು. ಅಲ್ಲಿ ಕೆಲಸಕ್ಕೆ ಸೇರಿದವರು ಒಂದೂ ವಿಮಾನ ಅಪಘಾತವನ್ನು ಕಾಣದೆ ನಿವೃತ್ತರಾಗಬಹುದು, ಹಾಗೆ ಆಗಲೆಂದೇ ಎಲ್ಲರ ಹಾರೈಕೆ. ಆದರೂ ಒಂದು ದಿನ ಠಾಣೆ ಸಜ್ಜಾಗಿಲ್ಲದಿದ್ದರೆ ಅಂದು ವಿಮಾನ ಇಳಿಯುವಂತಿಲ್ಲ. ಇದೆಂಥ ಲೆಕ್ಕ ಎಂಬುದು ಹುಡುಗನ ಸಂಜೆಯ ವರದಿಗಳಿಂದ ನನಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತ ಹೋಯಿತು.

ಎಲ್ಲವೂ ನಿಂತಿರುವುದು ಮೂರು ನಿಮಿಷಗಳ ಮೇಲೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ, ಮೊದಲ ಕರೆ ಬಂದ ಕ್ಷಣದಿಂದ ಮೂರು ನಿಮಿಷ ಮೀರದಂತೆ ಮೊದಲ ವಾಹನ ರನ್‌ವೇಯ ಯಾವ ತುದಿಯನ್ನಾದರೂ ಮುಟ್ಟಿ, ನಿಗದಿತ ವೇಗದ ಅರ್ಧದಷ್ಟಾದರೂ ನೊರೆಯನ್ನು ಚಿಮ್ಮಿಸಲು ಸಿದ್ಧವಾಗಿರಬೇಕು. ಎರಡೇ ನಿಮಿಷದಲ್ಲಿ ಮುಟ್ಟುವುದು ಗುರಿ. ಸಾಂಬ್ರಾದ ರನ್‌ವೇ 2,300 ಮೀಟರ್ ಉದ್ದವಿದೆ. ನಿಯಮದಲ್ಲಿ ‘ಗೋಚರತೆ ಮತ್ತು ನೆಲದ ಸ್ಥಿತಿ ಅತ್ಯುತ್ತಮವಾಗಿರುವಾಗ’ ಎಂಬ ಮಾತೂ ಇದೆ. ಜುಲೈ ತಿಂಗಳಲ್ಲಿ ನಮ್ಮ ಅಂಗಳದ ಮಾವಿನ ಮರವೇ ಕಾಣದಂತೆ ಮಳೆ ಹಿಡಿಯುವ ಈ ಊರಿನಲ್ಲಿ ಆ ಮಾತಿನ ತೂಕ ಬೇರೆಯೇ.

ಮೂರೇ ನಿಮಿಷ ಏಕೆ? ವಿಮಾನದ ಹೊರಮೈ ತೆಳುವಾದ ಅಲ್ಯೂಮಿನಿಯಂ. ಚೆಲ್ಲಿದ ಇಂಧನ ಹೊತ್ತಿ ಉರಿದರೆ ಅದು ಸುಮಾರು ಒಂದು ನಿಮಿಷದಲ್ಲೇ ಕರಗಿ ತೂತಾಗಬಲ್ಲದು. ಬಳಿಕ ಒಳಗೆ ನುಗ್ಗುವುದು ಬೆಂಕಿಗಿಂತ ಮೊದಲು ಹೊಗೆ. ದೊಡ್ಡ ಪ್ರಯಾಣಿಕ ವಿಮಾನವೊಂದರ ಮಾದರಿಗೆ ಮಾನ್ಯತೆ ದೊರೆಯಬೇಕಾದರೆ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ, ತುಂಬಿದ ವಿಮಾನವನ್ನು 90 ಸೆಕೆಂಡುಗಳಲ್ಲಿ ಖಾಲಿ ಮಾಡಿಸಬಹುದೆಂದು ತೋರಿಸಬೇಕು. ಅಂದರೆ ಒಳಗಿನವರು ಹೊರಬರುವ ಕೆಲಸ ಸಿಬ್ಬಂದಿಯದು, ಅವರು ಹೊರಬರುವ ದಾರಿಯಲ್ಲಿ ಬೆಂಕಿ ಇರದಂತೆ ನೋಡಿಕೊಳ್ಳುವ ಕೆಲಸ ಠಾಣೆಯದು. ವಿಮಾನವನ್ನು ಉಳಿಸುವುದು ಆಮೇಲಿನ ಮಾತು. 2024ರ ಜನವರಿ 2ರಂದು ಟೋಕಿಯೊದ ಹಾನೆಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದಾಗ, ಚಿಕ್ಕ ವಿಮಾನದಲ್ಲಿದ್ದ ಐವರು ಸತ್ತರು; ದೊಡ್ಡದರಲ್ಲಿದ್ದ 379 ಜನರೂ ಜೀವಸಹಿತ ಹೊರಬಂದರು. ಅವರು ಬಿಟ್ಟುಬಂದ ವಿಮಾನ ಸುಟ್ಟು ಕರಕಲಾಯಿತು.

ಠಾಣೆಯ ದರ್ಜೆ ನಿರ್ಧಾರವಾಗುವ ಬಗೆ ನನಗೆ ವಿಶೇಷವಾಗಿ ಹಿಡಿಸಿತು. ಪ್ರಯಾಣಿಕರ ಸಂಖ್ಯೆಯಿಂದಲ್ಲ, ವಿಮಾನದ ಉದ್ದ ಮತ್ತು ಒಡಲಿನ ಅಗಲದಿಂದ. ಎಪ್ಪತ್ತಕ್ಕೂ ಹೆಚ್ಚು ಜನ ಕೂರುವ ಎಟಿಆರ್-72 ವಿಮಾನ 27.17 ಮೀಟರ್ ಉದ್ದವಿರುವುದರಿಂದ ಐದನೆಯ ದರ್ಜೆ. ಐವತ್ತೇ ಜನರ ಎಂಬ್ರೇಯರ್-145 ವಿಮಾನ 29.87 ಮೀಟರ್ ಇರುವುದರಿಂದ ಆರನೆಯದು. ಐದಕ್ಕೆ 5,400 ಲೀಟರ್ ನೀರು ಮತ್ತು ಒಂದು ವಾಹನ ಸಾಕು. ಆರಕ್ಕೆ 7,900 ಲೀಟರ್ ಮತ್ತು ಎರಡು ವಾಹನ ಬೇಕು. ಬೆಂಕಿ ಹರಡುವುದು ಟಿಕೆಟ್ಟುಗಳ ಲೆಕ್ಕದಲ್ಲಲ್ಲವಷ್ಟೆ. ಇಲ್ಲಿಯೂ ಒಂದು ರಿಯಾಯಿತಿ ಇದೆ: ಅತಿ ಹೆಚ್ಚು ಸಂಚಾರವಿರುವ ಮೂರು ತಿಂಗಳಲ್ಲಿ ದೊಡ್ಡ ದರ್ಜೆಯ ವಿಮಾನಗಳು ಬಂದುಹೋಗುವುದು 700 ಬಾರಿಗಿಂತ ಕಡಿಮೆಯಾದರೆ ಒಂದು ದರ್ಜೆ ಇಳಿಸಿಕೊಳ್ಳಬಹುದು. ನನ್ನಂಥ ಯಾರೋ ಒಬ್ಬ ಕಡತದ ಮನುಷ್ಯ ಅಲ್ಲಿಯೂ ಕುಳಿತಿದ್ದನೆಂದು ಕಾಣುತ್ತದೆ.

ಎರಡನೆಯ ವಾರದ ಹೊತ್ತಿಗೆ ‘ಏನೂ ಆಗ್ಲಿಲ್ಲ’ ಎಂಬ ಮಾತು ನಿಂತಿತು. ಪಾಳಿ ಬದಲಾದಾಗಲೆಲ್ಲ ಹೊಸ ತಂಡ ಪ್ರತಿ ಕ್ರ್ಯಾಶ್ ಫೈರ್ ಟೆಂಡರನ್ನು ತಾನೇ ಪರೀಕ್ಷಿಸಿ ಒಪ್ಪಿಕೊಳ್ಳಬೇಕು: ಇಂಜಿನ್ ಚಾಲೂ ಮಾಡುವುದು, ಗಾಳಿಯ ಒತ್ತಡ ನೋಡುವುದು, ನೀರು–ನೊರೆ ದ್ರಾವಣದ ಟ್ಯಾಂಕುಗಳ ಮಟ್ಟ ಅಳೆಯುವುದು, ಮೇಲಿನ ಮಾನಿಟರ್ ತಿರುಗಿಸುವುದು, ಉಸಿರಾಟದ ಸಿಲಿಂಡರುಗಳನ್ನು ನೋಡುವುದು. ‘ನಿನ್ನೆ ಸರಿ ಇತ್ತು’ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. 4,500 ಲೀಟರಿಗಿಂತ ಹೆಚ್ಚು ನೀರು ಹೊತ್ತ ಆ ಗಾಡಿ ನಿಂತಲ್ಲಿಂದ 40 ಸೆಕೆಂಡುಗಳಲ್ಲಿ ಗಂಟೆಗೆ 80 ಕಿಲೊಮೀಟರ್ ವೇಗ ಮುಟ್ಟಬೇಕು. ಓಡುತ್ತಲೇ ನೊರೆ ಚಿಮ್ಮಿಸಬೇಕು. ಹುಡುಗನಿಗೆ ಗಾಡಿ ನಡೆಸಲು ಕೊಡಲಿಲ್ಲ, ಕೊಡುವಂತೆಯೂ ಇಲ್ಲ. ಕಾವಲು ಕೋಣೆಯಲ್ಲಿ ಕುಳಿತು, ಇಳಿಯುವ ಪ್ರತಿ ವಿಮಾನದ ಚಕ್ರಗಳನ್ನು ನೋಡುವುದನ್ನು ಕಲಿಸಿದರು. ‘ವಿಮಾನ ನಿಂತಮ್ಯಾಲೂ ಸ್ವಲ್ಪ ಹೊತ್ತು ಕಣ್ಣು ತೆಗೀಬಾರದ್ರಿ ಕಾಕಾ, ಬ್ರೇಕ್ ಕಾದಿರ್ತಾವ’ ಎಂದ. ನಿಯಂತ್ರಣ ಗೋಪುರದಿಂದ ನೇರ ಫೋನ್, ಎಚ್ಚರಿಕೆಯ ಗಂಟೆ, ‘ಲೋಕಲ್ ಸ್ಟ್ಯಾಂಡ್‌ಬೈ’ಗೂ ‘ಫುಲ್ ಎಮರ್ಜೆನ್ಸಿ’ಗೂ ಇರುವ ವ್ಯತ್ಯಾಸ, ಚೌಕಗಳನ್ನು ಎಳೆದ ಗ್ರಿಡ್ ನಕ್ಷೆ — ಇವನ್ನೆಲ್ಲ ನನಗೇ ಪಾಠ ಒಪ್ಪಿಸುವಷ್ಟು ಕಲಿತ.

ಆ ನಕ್ಷೆ ಗೋಡೆಯ ಆಚೆಗೂ ಹರಡಿರುತ್ತದೆ. ಅದಕ್ಕೆ ಕಾರಣ ನಮ್ಮ ರಾಜ್ಯಕ್ಕೇ ಗೊತ್ತು. 1990ರ ಫೆಬ್ರುವರಿ 14ರಂದು ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಎ-320 ವಿಮಾನ ರನ್‌ವೇ ಮುಟ್ಟುವ ಮುನ್ನವೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. 146 ಜನರಲ್ಲಿ 92 ಮಂದಿ ಸತ್ತರು. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಬದುಕಿದವರು ಎಂಟು ಮಂದಿ. ಮೂರು ನಿಮಿಷದ ನಿಯಮ ರನ್‌ವೇಗೆ ಬರೆದದ್ದು. ಕಣಿವೆಗೆ ಇಳಿಯುವ ದಾರಿಗೆ ಅಂಥ ನಿಯಮವಿಲ್ಲ. ಊರಿನ ಅಗ್ನಿಶಾಮಕ ದಳ, ಆಸ್ಪತ್ರೆ, ಪೊಲೀಸರು ಎಲ್ಲರೂ ಸೇರಿ ಎರಡು ವರ್ಷಕ್ಕೊಮ್ಮೆಯಾದರೂ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕೆಂಬ ವಿಧಿ ಇರುವುದು ಇದಕ್ಕಾಗಿಯೇ. ಅಂದು ಟ್ರಾಫಿಕ್ ನಿಂತಿತೆಂದು ಗೊಣಗುವವರಲ್ಲಿ ನಾನೂ ಒಬ್ಬನಾಗಿದ್ದೆ.

ಇಂಟರ್ನ್‌ಶಿಪ್ ಮುಗಿದ ದಿನ ಹುಡುಗ ಕುಂದಾ ತಂದ. ಅಂದು ನಾನು ಆತನಿಗೆ ನನ್ನ ಷರಾದ ಕಥೆಯ ಉಳಿದರ್ಧ ಹೇಳಿದೆ. ಪ್ರಸ್ತಾವ ಕೈಬಿಟ್ಟ ಮರುವರ್ಷ ಏಪ್ರಿಲ್‌ನ ಒಂದು ಮಧ್ಯಾಹ್ನ ಅದೇ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಣವೆಗೆ ಬೆಂಕಿ ಬಿತ್ತು. ಗಾಳಿ ಜೋರಾಗಿತ್ತು. ಒಬ್ಬ ಸೈಕಲ್ ತುಳಿದು ಪಕ್ಕದ ಊರಿನ ಅಂಚೆ ಕಚೇರಿಗೆ ಹೋಗಿ ಫೋನ್ ಮಾಡಿಸಿದ. ಜಿಲ್ಲಾ ಕೇಂದ್ರದಿಂದ ಗಾಡಿ ಬರುವಷ್ಟರಲ್ಲಿ ಹನ್ನೊಂದು ಮನೆ, ಕೊಟ್ಟಿಗೆಯಲ್ಲಿ ಕಟ್ಟಿದ್ದ ಒಂದು ಜೋಡಿ ಎತ್ತು ಸುಟ್ಟುಹೋಗಿದ್ದವು. ಜನ ಹೊಲದಲ್ಲಿದ್ದರು, ಉಳಿದರು. ಪರಿಹಾರದ ಕಡತ ತಯಾರಿಸಿದವನೂ ನಾನೇ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಾಡಿ ಎಷ್ಟು ನಿಮಿಷಕ್ಕ ಬಂತ್ರಿ ಕಾಕಾ?’ ಎಂದು ಕೇಳಿದ.

ಪಂಚನಾಮೆಯಲ್ಲಿ ಮನೆಗಳ ಸಂಖ್ಯೆ ಇತ್ತು, ಎತ್ತುಗಳ ವಯಸ್ಸು ಮತ್ತು ಅಂದಾಜು ಬೆಲೆ ಇತ್ತು, ಸುಟ್ಟ ಜೋಳದ ಚೀಲಗಳ ಲೆಕ್ಕವಿತ್ತು. ನಿಮಿಷಗಳಿಗೆ ಆ ನಮೂನೆಯಲ್ಲಿ ಅಂಕಣ ಇರಲಿಲ್ಲ. ನಾನೂ ಕೇಳಿರಲಿಲ್ಲ.