ಮೊಬೈಲಿಗೆ ತಕ್ಕ ಜಾಲತಾಣ: ಕಟ್ಟಳೆ ಉಂಟು, ಕಾಯುವವರು ಯಾರು?

ಕಳೆದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಆಗ ಸರಿಯಾದ ಉತ್ತರವಿರಲಿಲ್ಲ. "ಸಂಘದ ಧಾರಣೆ ಪುಟ ಕಚೇರಿಯ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಇದೆ. ತೋಟದ ಮನೆಯಲ್ಲಿ ಮೊಬೈಲಿನಲ್ಲಿ ತೆರೆದರೆ ಮಾತ್ರ ರಾಶಿಯ ದರ ಹುಡುಕಲು ಪುಟವನ್ನು ಎಡಕ್ಕೂ ಬಲಕ್ಕೂ ಎಳೆಯುತ್ತಾ ಕೂರಬೇಕು. ಹೀಗೆ ಮಾಡಬಾರದೆಂಬ ನಿಯಮ ಎಲ್ಲಿಯೂ ಇಲ್ಲವೇ ಸ್ವಾಮಿ?" ಎಂದು ಅವರು ಕೇಳಿದರು. ನಿಯಮಗಳು ಸುಮಾರು ಇಪ್ಪತ್ತು ವರ್ಷಗಳಿಂದ ಇವೆ. ಅವನ್ನು ಪಾಲಿಸುವಂತೆ ಮಾಡುವವರು ಯಾರು ಎಂಬುದೇ ತೊಡಕು. ಪುಟವನ್ನು ಹೊಸದಾಗಿ ಮಾಡಿಸಬೇಕೆಂಬ ಯೋಚನೆ ಆಡಳಿತ ಮಂಡಳಿಯ ಮುಂದಿರುವುದರಿಂದ, ಬೆಳೆಗಾರ ಬಂಧುಗಳು ಈ ವಿಚಾರವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಈ ಬಗೆಯ ಕಟ್ಟಳೆಯನ್ನು ಕಡ್ಡಾಯವಾಗಿ ಜಾರಿಗೆ ತರಲು ನಡೆದ ಒಂದು ದೊಡ್ಡ ಪ್ರಯತ್ನವೆಂದರೆ 'ಡಾಟ್ ಮೋಬಿ'. ಡಾಟ್ ಕಾಮ್, ಡಾಟ್ ಇನ್ ಇರುವಂತೆ, ಮೊಬೈಲಿಗಾಗಿಯೇ ಮಾಡಿದ ತಾಣಗಳಿಗೆ ಬೇರೆಯೇ ಒಂದು ಬಾಲಹೆಸರು ಬೇಕೆಂದು ನೋಕಿಯಾ, ವೊಡಾಫೋನ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳು ಕೂಡಿ ಕೇಳಿಕೊಂಡವು. ಹೆಸರುಗಳ ಉಸ್ತುವಾರಿ ನಡೆಸುವ ಐಕ್ಯಾನ್ ಸಂಸ್ಥೆ 2005ರಲ್ಲಿ ಒಪ್ಪಿತು. 2006ರ ಸೆಪ್ಟೆಂಬರಿನಲ್ಲಿ ಹೆಸರುಗಳು ಸಾರ್ವಜನಿಕರಿಗೆ ಮಾರಾಟಕ್ಕೆ ಬಂದವು. ಹೆಸರು ಕೊಂಡವರು ಮುಖ್ಯವಾಗಿ ಮೂರು ಷರತ್ತುಗಳನ್ನು ಪಾಲಿಸಬೇಕಿತ್ತು. ಪುಟವನ್ನು ಮೊಬೈಲಿಗೆಂದೇ ಗೊತ್ತುಪಡಿಸಿದ ಎಕ್ಸ್‌ಎಚ್‌ಟಿಎಂಎಲ್ ಎಂಬ ಬಿಗಿಯಾದ ಬರವಣಿಗೆಯ ಕ್ರಮದಲ್ಲಿ ಬರೆಯಬೇಕು. ಪರದೆಯನ್ನು ಖಾನೆ ಖಾನೆಯಾಗಿ ಒಡೆಯುವ 'ಫ್ರೇಮ್' ಕೂಡದು. ವಿಳಾಸದ ಮುಂದೆ ಮೂರು 'ಡಬ್ಲ್ಯೂ' ಹಾಕದಿದ್ದರೂ ತಾಣ ತೆರೆಯಬೇಕು. ಮೂರನೆಯದನ್ನು ಕಂಡು ಕೆಲವರು ನಗಬಹುದು. ಆದರೆ ಅಂದಿನ ಅಂಕಿಗುಂಡಿಯ ಫೋನ್ ಬಳಸಿದವರಿಗೆ ಗೊತ್ತು: ಒಂದೇ ಅಕ್ಷರವನ್ನು ಸಾಲಾಗಿ ಮೂರು ಸಲ ಬರೆಯಬೇಕಾದರೆ ಒಂಬತ್ತರ ಗುಂಡಿ ಒತ್ತಿ, ತಡೆದು, ಮತ್ತೆ ಒತ್ತಿ, ಮತ್ತೆ ತಡೆಯಬೇಕಾಗಿತ್ತು.

ಷರತ್ತು ಮೀರಿದವರಿಗೆ ಮೊದಲು ಎಚ್ಚರಿಕೆ, ಆಮೇಲೂ ತಿದ್ದಿಕೊಳ್ಳದಿದ್ದರೆ ಹೆಸರನ್ನೇ ನಿಲ್ಲಿಸಿಬಿಡುವ ಅಧಿಕಾರ, ಹೀಗೆ ಕಾಗದದ ಮೇಲೆ ಎಲ್ಲವೂ ಕಟ್ಟುನಿಟ್ಟಾಗಿತ್ತು. ಪುಟವನ್ನು ತಾನಾಗಿ ಪರೀಕ್ಷಿಸಿ ಐದಕ್ಕೆ ಇಷ್ಟು ಎಂದು ಅಂಕ ಕೊಡುವ ಸಾಧನವನ್ನೂ ಮಾಡಿಟ್ಟರು. ನಡೆದದ್ದು ಬೇರೆ. ಒಳ್ಳೊಳ್ಳೆಯ ಹೆಸರುಗಳನ್ನು ದಾಸ್ತಾನು ಮಾಡಿ ಬೆಲೆ ಏರಿದ ಮೇಲೆ ಮಾರುವವರು ನುಗ್ಗಿದರು. ಹೂವಿಗೆ ಇಂಗ್ಲಿಷಿನಲ್ಲಿರುವ ಪದವೊಂದು ಡಾಟ್ ಮೋಬಿ ಬಾಲದೊಡನೆ 2006ರಲ್ಲಿ 2 ಲಕ್ಷ ಡಾಲರಿಗೆ ಹರಾಜಾಯಿತು. ತಾಣವನ್ನೇ ಕಟ್ಟದೆ ಹೆಸರನ್ನು ಸುಮ್ಮನೆ ಇಟ್ಟುಕೊಂಡವನ ಮೇಲೆ ತಾಣದ ಗುಣಮಟ್ಟದ ಕಟ್ಟಳೆ ಹೇರುವುದೆಂತು? ಅಡಿಕೆಯನ್ನೇ ತಾರದವನ ಚೀಲದಿಂದ ಮಾದರಿ ತೆಗೆದಂತೆ.

ವರ್ಲ್ಡ್ ವೈಡ್ ವೆಬ್‌ನ ಜನಕರಾದ ಟಿಮ್ ಬರ್ನರ್ಸ್-ಲೀ ಅವರು 2004ರಲ್ಲಿಯೇ ಈ ಯೋಜನೆಯನ್ನು ವಿರೋಧಿಸಿದ್ದರು. ಒಂದು ವಿಷಯಕ್ಕೆ ಒಂದೇ ವಿಳಾಸವಿರಬೇಕು, ಯಾವ ಯಂತ್ರದಿಂದ ಕೇಳಿದರೂ ಅದು ಸಿಗಬೇಕು ಎಂಬುದು ಅವರ ವಾದ. ನಮಗೂ ಅದೇ ಸರಿ ಎನಿಸುತ್ತದೆ. ಮಂಡಿಯಲ್ಲಿ ಒಂದು ಧಾರಣೆ, ಮೊಬೈಲಿನಲ್ಲಿ ಮೊನ್ನೆಯ ಧಾರಣೆ ಎಂದಾದರೆ ನಷ್ಟ ಬೆಳೆಗಾರನಿಗೇ.

ಅವರೇ ಕಟ್ಟಿದ ಡಬ್ಲ್ಯೂ3ಸಿ ಸಂಸ್ಥೆಯು ಬೇರೆ ದಾರಿ ಹಿಡಿಯಿತು. 2008ರಲ್ಲಿ ಅದು ಮೊಬೈಲ್ ಪುಟಗಳಿಗೆ ಒಳ್ಳೆಯ ರೂಢಿಗಳ ಪಟ್ಟಿಯನ್ನೂ 'ಮೊಬೈಲ್‌ಓಕೆ' ಎಂಬ ಪರೀಕ್ಷೆಗಳನ್ನೂ ಹೊರತಂದಿತು. ದಂಡವಿಲ್ಲ, ಒತ್ತಾಯವಿಲ್ಲ. ಪರದೆಯ ಅಗಲ ಕನಿಷ್ಠ 120 ಬಿಂದು, ಚಿತ್ರಗಳೂ ಸೇರಿ ಪುಟದ ಒಟ್ಟು ಭಾರ 20 ಕಿಲೋಬೈಟಿಗೆ ಮೀರದಿರುವುದು, ಇವು ಅದರ ಅಳತೆಗಳಲ್ಲಿ ಕೆಲವು. ಇಂದಿನ ಫೋನುಗಳಿಗೆ ಇದು ತೀರ ಕಡಿಮೆ, ನಿಜ. ಆದರೂ ಲೆಕ್ಕ ಹಾಕಿ ನೋಡೋಣ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಚಿಹ್ನೆಗೆ 3 ಬೈಟ್ ಬೇಕು. ಅಂದರೆ 20 ಕಿಲೋಬೈಟಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಚಿಹ್ನೆಗಳು ಹಿಡಿಯುತ್ತವೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಕಾಫಿಯ ಪಾರ್ಚ್‌ಮೆಂಟ್, ಚೆರಿ ಎಲ್ಲದರ ದರ ಬರೆದ ಮೇಲೂ ಜಾಗ ಉಳಿಯುತ್ತದೆ. ನಮ್ಮ ಈಗಿನ ಪುಟದಲ್ಲಿ ದರಪಟ್ಟಿಯನ್ನು ಅಕ್ಷರವಾಗಿ ಬರೆಯದೆ ಚಿತ್ರವಾಗಿ ಅಂಟಿಸಲಾಗಿದೆ. ಗುಡ್ಡದ ಮರೆಯ ಮನೆಗಳಲ್ಲಿ ಅದು ಇಳಿಯುವುದರೊಳಗೆ ಸಿಗ್ನಲ್ ಹೋಗಿರುತ್ತದೆ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅಂಥ ಚಿತ್ರದಿಂದ ದರ ಸಿಗುವ ಭರವಸೆಯಿಲ್ಲ.

ಅಷ್ಟರಲ್ಲಿ 2007ರಲ್ಲಿ ಐಫೋನ್ ಬಂದು, ಸಾಮಾನ್ಯ ಪುಟಗಳನ್ನೇ ಫೋನಿನಲ್ಲಿ ತೆರೆಯುವಂತಾಯಿತು. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು, ಪರದೆಯ ಅಗಲ ನೋಡಿ ಒಂದೇ ಪುಟ ತಾನೇ ಹೊಂದಿಕೊಳ್ಳುವ ವಿಧಾನಕ್ಕೆ ಹೆಸರು ಕೊಟ್ಟರು. ಬೇರೆ ಬಾಲಹೆಸರಿನ ಅಗತ್ಯವೇ ಕಡಿಮೆಯಾಯಿತು.

ಕೊನೆಗೆ ಜಾಲತಾಣದವರನ್ನು ಬಗ್ಗಿಸಿದ್ದು ಖರೀದಿದಾರನ ಬಲ. 2015ರ ಏಪ್ರಿಲ್ 21ರಿಂದ ಗೂಗಲ್, ಮೊಬೈಲಿಗೆ ಹೊಂದದ ಪುಟಗಳನ್ನು ಮೊಬೈಲ್ ಹುಡುಕಾಟದ ಪಟ್ಟಿಯಲ್ಲಿ ಕೆಳಕ್ಕೆ ಸರಿಸತೊಡಗಿತು. ಹಿಗ್ಗಿಸದೆ ಓದಬರಬೇಕು, ಪಕ್ಕಕ್ಕೆ ಎಳೆಯುವಂತಿರಬಾರದು, ಬೆರಳಿಗೆ ಒಂದೇ ಗುಂಡಿ ಸಿಗುವಷ್ಟು ಅಂತರವಿರಬೇಕು, ಇಷ್ಟೇ. ಐಕ್ಯಾನ್ ಒಪ್ಪಂದದಿಂದ ಆಗದ್ದು ಇದರಿಂದ ಬಹುಮಟ್ಟಿಗೆ ಆಯಿತು. ಆದರೆ ಒಬ್ಬನೇ ಖರೀದಿದಾರ ದರ್ಜೆ ಕಟ್ಟುವ ಮಾರುಕಟ್ಟೆ ಹೇಗಿರುತ್ತದೆಂದು ಬೆಳೆಗಾರರಿಗೆ ನಾವು ಹೇಳಬೇಕಾಗಿಲ್ಲ.

ನಮ್ಮ ದೇಶದ ಮಾತಿಗೆ ಬಂದರೆ, ಸರ್ಕಾರಿ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿ ಇದೆ. ಆದರೆ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ರಾಜೀವ್ ರತೂರಿ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಹೇಳಿತು: ಅಂಗವಿಕಲರ ಹಕ್ಕುಗಳ ಕಾಯಿದೆ ಕಡ್ಡಾಯವೆಂದಿರುವಾಗ, ಅದರಡಿಯ 15ನೆಯ ನಿಯಮವು ಬರಿಯ ಸಲಹೆಗಳನ್ನಷ್ಟೇ ಕೊಟ್ಟರೆ ಅದು ಕಾಯಿದೆಗೆ ವಿರುದ್ಧ. ಕಡ್ಡಾಯ ನಿಯಮಗಳನ್ನು ಬೇರೆಯಾಗಿ ರಚಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. 'ಮಾಡಿದರೆ ಒಳ್ಳೆಯದು' ಎಂಬುದಕ್ಕೂ 'ಮಾಡಲೇಬೇಕು' ಎಂಬುದಕ್ಕೂ ಇರುವ ಅಂತರ ಅಷ್ಟು.

ನಮ್ಮ ತಪ್ಪೂ ಅಲ್ಲಿಯೇ ಇದೆ. ಹಿಂದಿನ ಒಪ್ಪಂದದಲ್ಲಿ ಪುಟ 'ಆಕರ್ಷಕವಾಗಿಯೂ ಆಧುನಿಕವಾಗಿಯೂ' ಇರಬೇಕೆಂದು ಬರೆದಿದ್ದೆವು. ಅಳೆದು ನೋಡಬಹುದಾದ ಮಾತು ಅದರಲ್ಲಿ ಒಂದೂ ಇರಲಿಲ್ಲ. ಪುಟ ಮಾಡಿಕೊಟ್ಟವರು ಹಣ ಪಡೆದು ಹೋದರು, ಅವರನ್ನು ಕೇಳಲು ನಮಗೆ ಆಧಾರವಿರಲಿಲ್ಲ. ತೇವಾಂಶ ಅಳೆಯದೆ ಕಾಫಿ ತುಂಬಿಸಿಕೊಂಡ ಹಾಗಾಯಿತು. ಈ ಸಲದ ಕರಡಿನಲ್ಲಿ ದರಪಟ್ಟಿ ಯೂನಿಕೋಡ್ ಅಕ್ಷರಗಳಲ್ಲೇ ಇರಬೇಕೆಂದೂ, ಧಾರಣೆ ಪುಟದ ಒಟ್ಟು ಭಾರ 100 ಕಿಲೋಬೈಟ್ ಮೀರಬಾರದೆಂದೂ, ಪಕ್ಕಕ್ಕೆ ಎಳೆಯದೆ ದರ ಕಾಣಬೇಕೆಂದೂ ಸೇರಿಸಿದ್ದೇವೆ. ಕೊನೆಯ ಕಂತಿನ ಹಣ ಕೊಡುವ ಮೊದಲು ಪರೀಕ್ಷೆ ನಡೆಯುವುದು ಕಚೇರಿಯಲ್ಲಲ್ಲ, ಸಿಗ್ನಲ್ ಕಡಿಮೆ ಇರುವ ಐದು ಸದಸ್ಯರ ಮನೆಯಂಗಳದಲ್ಲಿ, ಅವರದೇ ಫೋನುಗಳಲ್ಲಿ. ಫೋನು ಹಳೆಯದಾದಷ್ಟೂ ಅನುಕೂಲ. ಇದಕ್ಕೆ ಒಪ್ಪುವ ಸದಸ್ಯರು ತಿಂಗಳ ಕೊನೆಯೊಳಗೆ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಬೇಕಾಗಿ ಕೋರುತ್ತೇವೆ. ಮಹಾಸಭೆಯಲ್ಲಿ ಪ್ರಶ್ನೆ ಕೇಳಿದ ಸದಸ್ಯರ ಹೆಸರನ್ನು ಈಗಾಗಲೇ ಬರೆದುಕೊಂಡಿದ್ದೇವೆ.